ಹೇಳಿ ಹೋಗುವುದು

ಪುಂಡಿಯನ್ನು ಮುರಿದದ್ದು ನಾನೇ. ಆವಿಯಲ್ಲಿ ಬೇಯಿಸಿದ ಆ ಅಕ್ಕಿಯ ಉಂಡೆ ಹೊರಗೆ ಆರಿದಂತೆ ಕಂಡರೂ ಒಳಗೆ ಸುಡುತ್ತಿರುತ್ತದೆ. ಮಗುವಿನ ಬಾಯಿ ಸುಟ್ಟೀತೆಂದು ಎರಡು ಹೋಳು ಮಾಡಿ ತಟ್ಟೆಯಲ್ಲಿಟ್ಟೆ. ಎರಡೂವರೆ ವರ್ಷದ ಮಗಳು ಅಲ್ಲಿಯವರೆಗೆ ತಟ್ಟೆ ಬಡಿಯುತ್ತ ತನ್ನದೇ ಏನೋ ಹಾಡಿಕೊಳ್ಳುತ್ತಿದ್ದಳು. ಹೋಳುಗಳನ್ನು ನೋಡಿದಳು. ನನ್ನ ಮುಖ ನೋಡಿದಳು. ಮರುಕ್ಷಣ ನೆಲದ ಮೇಲೆ ಬಿದ್ದು ಹೊರಳುತ್ತಿದ್ದಳು.

"ಸರಿ ಮಾಡು! ಪಪ್ಪ ಸರಿ ಮಾಡು!"

ಮುರಿದ ಪುಂಡಿಯನ್ನು ಮೊದಲಿನಂತೆ ಮಾಡಬೇಕಿತ್ತು. ಎರಡು ಹೋಳನ್ನೂ ಅಂಗೈಯಲ್ಲಿಟ್ಟು ಒತ್ತಿ ನೋಡಿದೆ. ಅದು ಮುದ್ದೆಯಾಯಿತು, ಅವಳ ದನಿ ಇನ್ನೂ ಏರಿತು. ಇನ್ನೊಂದು ಇಡೀ ಪುಂಡಿ ಕೊಟ್ಟೆ. ಅದು ಅದಲ್ಲ. ಬಿಸಿ ಇದ್ದುದರಿಂದ ಮುರಿದೆ ಎಂದು ವಿವರಿಸಿದೆ. ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವನು ನಾನು, ವಿವರಿಸುವುದು ಅಭ್ಯಾಸ. ನಾನು ವಿವರಿಸುವುದನ್ನು ಬಿಟ್ಟು ಗೋಡೆಗೆ ಒರಗಿ ಕೂತ ಮೇಲೆ, ಸ್ವಲ್ಪ ಹೊತ್ತಿಗೆ, ಅವಳಾಗಿಯೇ ಎದ್ದು ಆ ಮುದ್ದೆಯನ್ನೇ ತಿಂದಳು. ಬೆಲ್ಲ ಬೇಕು ಎಂದಳು. ಅವಳ ಮುಖದಲ್ಲಿ ಈಗಷ್ಟೇ ಅತ್ತ ಗುರುತೇ ಇರಲಿಲ್ಲ.

ಇದು ನನಗೆ ಚೆನ್ನಾಗಿ ನೆನಪಿದೆ ಎಂದುಕೊಂಡಿದ್ದೆ. ಮೊನ್ನೆ ಹೆಂಡತಿ, ಅದು ಪುಂಡಿ ಅಲ್ಲ, ಬಾಳೆಹಣ್ಣು ಎಂದಳು. ಅವಳು ಆ ದಿನ ಮನೆಯಲ್ಲೇ ಇರಲಿಲ್ಲ, ಅವಳಿಗೆ ಹೇಗೆ ಗೊತ್ತು? ನಾನೇ ಆವಾಗ ಫೋನಿನಲ್ಲಿ ಹೇಳಿದ್ದೆನಂತೆ. ಹೇಳಿದವನ ನೆನಪಿಗಿಂತ ಕೇಳಿದವಳ ನೆನಪು ಹೆಚ್ಚು ಸರಿ ಇರಬಾರದೇಕೆ? ಇನ್ನೊಂದು ತೊಡಕೂ ಇದೆ. ನಮ್ಮ ಮನೆಯ ಮಾತೆಲ್ಲ ತುಳು. ಇಲ್ಲಿ ನಾನು ಬರೆಯುತ್ತಿರುವ ಮಾತುಗಳಲ್ಲಿ ಹೆಚ್ಚಿನವು ಕನ್ನಡದಲ್ಲಿ ಆಡಿದವಲ್ಲ. ನೆನಪು ಒಮ್ಮೆ ಹಳತಾಗುತ್ತದೆ, ಮತ್ತೊಮ್ಮೆ ಭಾಷೆ ಬದಲಾಯಿಸಿ ಬರುತ್ತದೆ. ಅಷ್ಟನ್ನು ಮೊದಲೇ ಹೇಳಿಬಿಡುತ್ತೇನೆ.

ಅದು ತೊಂಬತ್ತರ ದಶಕ ಮುಗಿಯುತ್ತಾ ಬಂದ ಕಾಲ. ಹೆಂಡತಿಗೆ ಬಹಳ ವರ್ಷ ಕಾದ ಮೇಲೆ ಸರಕಾರಿ ಹೈಸ್ಕೂಲಿನಲ್ಲಿ ಟೀಚರ್ ಕೆಲಸ ಸಿಕ್ಕಿತ್ತು. ಶಾಲೆ ಬೆಳ್ತಂಗಡಿ ಪೇಟೆಯಿಂದಲೂ ಒಳಗೆ, ಘಟ್ಟದ ಬುಡದಲ್ಲಿ. ಅಲ್ಲಿಗೆ ಬೆಳಿಗ್ಗೆ ಒಂದು ಬಸ್ಸು, ಸಂಜೆ ಒಂದು ಬಸ್ಸು. ಮೂಡುಬಿದಿರೆಯ ನಮ್ಮ ಬಾಡಿಗೆ ಮನೆಯಿಂದ ದಿನಾ ಹೋಗಿ ಬರುವ ಮಾತೇ ಇರಲಿಲ್ಲ. ಅವಳು ಬೆಳ್ತಂಗಡಿಯಲ್ಲಿ ಇನ್ನೊಬ್ಬ ಟೀಚರ್ ಜೊತೆ ಒಂದು ರೂಮು ಮಾಡಿಕೊಂಡಳು. ಶನಿವಾರ ವೇಣೂರಿನ ದಾರಿಯ ಬಸ್ಸು ಹಿಡಿದು ಬರುವುದು, ಭಾನುವಾರ ಸಂಜೆ ಹೋಗುವುದು. ಮಗುವನ್ನು ಬಂಟ್ವಾಳದ ಹತ್ತಿರದ ನರಿಕೊಂಬಿನಲ್ಲಿ ತನ್ನ ಬಳಿ ಬಿಡಿ ಎಂದು ಅತ್ತೆ ಆಗಲೇ ಹೇಳಿದ್ದರು. ಗಂಡಸು ಒಬ್ಬನೇ ಎರಡು ವರ್ಷದ ಹೆಣ್ಣುಮಗುವನ್ನು ನೋಡಿಕೊಳ್ಳುತ್ತಾನೆಂದರೆ ಬಂಟ್ವಾಳದಲ್ಲಿ ಯಾರಾದರೂ ನಗದೆ ಇರುತ್ತಾರೆಯೇ ಎಂಬುದು ಅವರ ಪ್ರಶ್ನೆ. ನಾನು ಒಪ್ಪಲಿಲ್ಲ. ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರಾದರೂ ಜೊತೆಗಿರಬೇಕು ಎಂದು ವಾದಿಸಿದೆ. ವಾದ ಸರಿಯಾಗಿಯೇ ಇತ್ತು. ಆದರೆ ನಿಜವಾದ ಕಾರಣ ಅದಾಗಿತ್ತೋ, ಅಥವಾ ಮೂಡುಬಿದಿರೆಯ ಮನೆಯಲ್ಲಿ ಒಬ್ಬನೇ ಇರಲು ನನಗೆ ಮನಸ್ಸಿರಲಿಲ್ಲವೋ, ಈಗ ಖಚಿತವಾಗಿ ಹೇಳಲಾರೆ.

ಕೊನೆಗೆ ಅತ್ತೆ, "ದಸರಾ ರಜೆಯವರೆಗೆ ನೋಡುವ. ಆಗದಿದ್ರೆ ಬಾಲೆ ಇಲ್ಲಿಗೆ" ಎಂದರು. ಹೆಂಡತಿ ಹೂಂ ಎಂದಳು. ನಾನೂ ಹೂಂ ಎಂದೆ.

ಮನೆಯ ಮಾಲಕಿ ಬ್ಯಾರಿ ಮುಸ್ಲಿಂ ಹೆಂಗಸು, ಗಂಡ ಸೌದಿಯಲ್ಲಿ. ಅವರ ಮನೆಗೇ ತಾಗಿಕೊಂಡ ಭಾಗದಲ್ಲಿ ನಾವಿದ್ದೆವು. ನಾನು ಕಾಲೇಜಿಗೆ ಹೋದಾಗ ಮಗು ಅವರ ಅಡುಗೆಮನೆಯಲ್ಲಿರುತ್ತಿತ್ತು. ಅವರು ನನ್ನನ್ನು ಮಾಷ್ಟ್ರೇ ಎನ್ನುತ್ತಿದ್ದರು, ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ. ವಯಸ್ಸಿನಲ್ಲಿ ಯಾರು ದೊಡ್ಡವರೆಂದು ಇಬ್ಬರೂ ವಿಚಾರಿಸಿದ್ದಿಲ್ಲ. ಸಂಜೆ ನಾನು ಮಗುವನ್ನು ಎತ್ತಿಕೊಂಡು ನಮ್ಮ ಕಡೆಗೆ ಬಂದು ಬಾಗಿಲು ಎಳೆದುಕೊಂಡರೆ ಆಮೇಲೆ ದೊಡ್ಡವರ ಮಾತು ಎಂಬುದು ಮರುದಿನ ಬೆಳಿಗ್ಗೆಯೇ.

ಮಗುವಿನ ಜೊತೆ ಇದ್ದೂ ಒಬ್ಬನೇ ಆಗುವುದುಂಟು ಎಂದು ನನಗೆ ಯಾರೂ ಹೇಳಿರಲಿಲ್ಲ. ಅದು ರೂಮಿನಲ್ಲಿ ಒಬ್ಬನೇ ಇದ್ದ ವಿದ್ಯಾರ್ಥಿ ದಿನಗಳ ಹಾಗಲ್ಲ. ಆಗ ಪುಸ್ತಕ ಓದಬಹುದಿತ್ತು, ಹೊರಗೆ ನಡೆದು ಬರಬಹುದಿತ್ತು. ಇಲ್ಲಿ ಒಂದು ಜೀವ ಇಡೀ ಹೊತ್ತು ನನ್ನನ್ನು ಕರೆಯುತ್ತದೆ, ಆದರೆ ನಾನು ಹೇಳಬೇಕೆಂದಿರುವ ಒಂದು ಮಾತನ್ನೂ ಅದಕ್ಕೆ ಹೇಳುವ ಹಾಗಿಲ್ಲ. ಕಾಲೇಜಿನ ಸ್ಟಾಫ್‌ ರೂಮಿನಲ್ಲಿ ಹೇಳೋಣವೆಂದರೆ, ಅಲ್ಲಿ ನನಗೊಂದು ಹೆಸರು ಬಿದ್ದಿತ್ತು. "ಆಯಾ ಬಂದ್ರು, ಜಾಗ ಕೊಡಿ" ಎನ್ನುತ್ತಿದ್ದರು. ನಾನೂ ನಗುತ್ತಿದ್ದೆ. ನಕ್ಕ ಮೇಲೆ ಮಾತು ಅಲ್ಲಿಗೇ ನಿಲ್ಲುತ್ತಿತ್ತು.

ಈಗ ಭಾನುವಾರದ ವಿಷಯ ಹೇಳಬೇಕು.

ನಮ್ಮ ಕಡೆ ಮಗುವಿಗೆ ಹೇಳಿ ಯಾರೂ ಹೋಗುವುದಿಲ್ಲ. ಇದನ್ನು ನಿಯಮವೆಂದು ಯಾರೂ ಕಲಿಸಿದ್ದಲ್ಲ, ಎಲ್ಲರ ಮನೆಯಲ್ಲೂ ಹಾಗೆಯೇ. ಗಲ್ಫಿಗೆ ಹೊರಟವನು, ಹೆರಿಗೆ ಮುಗಿಸಿ ಕೆಲಸಕ್ಕೆ ಮರಳುವವಳು, ನೆಂಟರ ಮನೆಯಿಂದ ಹೊರಟ ಅತ್ತಿಗೆ, ಎಲ್ಲರೂ ಮಗುವಿನ ಕಣ್ಣು ತಪ್ಪಿಸಿಯೇ ಹೊರಡುತ್ತಾರೆ. ಯಾರಾದರೊಬ್ಬರು ಮಗುವನ್ನು ಸೊಂಟಕ್ಕೇರಿಸಿಕೊಂಡು ಹಿತ್ತಲಿಗೆ ಹೋಗಿ ಕಾಗೆ, ಕೋಳಿ, ದನ ಏನನ್ನಾದರೂ ತೋರಿಸುತ್ತಾರೆ. ಅಷ್ಟರಲ್ಲಿ ಹೊರಡುವವರು ಎದುರಿನ ಬಾಗಿಲಿನಿಂದ ಚಪ್ಪಲಿ ಕೈಯಲ್ಲಿ ಹಿಡಿದು ಜಾರಿಕೊಳ್ಳುತ್ತಾರೆ. ಹೊರಟವರ ಹಿಂದಿನಿಂದ ಮಗು ಅಳಬಾರದು, ಅದು ಒಳ್ಳೆಯದಲ್ಲ ಎಂಬುದೊಂದು. ಮಗುವಿಗೆ ಸಂಕಟ ಯಾಕೆ ಕೊಡಬೇಕು ಎಂಬುದು ಇನ್ನೊಂದು. ನಾನು ಮೊದಲನೆಯದನ್ನು ನಂಬುವವನಲ್ಲ. ಎರಡನೆಯದನ್ನು ಪ್ರಶ್ನಿಸಬೇಕೆಂದೇ ಹೊಳೆದಿರಲಿಲ್ಲ.

ನಮ್ಮ ಮನೆಯಲ್ಲಿ ತೋರಿಸುವುದಕ್ಕೆ ಇದ್ದದ್ದು ಬಾವಿಯ ಆಮೆ. ನೀರು ಚೊಕ್ಕಟವಾಗಿರುತ್ತದೆಂದು ಯಾರೋ ಹಿಂದೆ ಬಿಟ್ಟಿದ್ದರಂತೆ. ಭಾನುವಾರ ನಾಲ್ಕು ಗಂಟೆಯ ಹೊತ್ತಿಗೆ ಮಾಲಕಿ ಬಾಗಿಲಲ್ಲಿ ನಿಂತು ಕರೆಯುತ್ತಿದ್ದರು.

"ಬಾ ಬಾಲೆ, ಆಮೆ ನೋಡುವ! ಇವತ್ತು ಮೇಲೆ ಬಂದಿದೆ, ನಿನ್ನನ್ನೇ ಕೇಳ್ತಾ ಉಂಟು."

ಮಗು ಓಡುತ್ತಿತ್ತು. ಬಾವಿಕಟ್ಟೆಯ ಮೇಲಿಂದ ಅವಳು "ಆಮೆ, ಬಾ" ಎಂದು ಕೂಗುವುದು ಕೇಳಿಸುತ್ತಿದ್ದ ಹಾಗೆಯೇ ಹೆಂಡತಿ ಬ್ಯಾಗು ಎತ್ತಿಕೊಳ್ಳುತ್ತಿದ್ದಳು. ನನ್ನ ಕಡೆಗೂ ನೋಡುತ್ತಿರಲಿಲ್ಲ. ಆಮೇಲೆ ಮಗು ಬಂದು ಕೋಣೆ ಕೋಣೆ ಹುಡುಕುತ್ತಿತ್ತು. ಬಾಗಿಲ ಹಿಂದೆ, ಮಂಚದ ಅಡಿಯಲ್ಲಿ, ಕಪಾಟಿನಲ್ಲಿ ಸೀರೆಗಳ ನಡುವೆ. ಮೊದಲ ವಾರಗಳಲ್ಲಿ ಅವಳು ಅತ್ತದ್ದು ನನಗೆ ನೆನಪಿಲ್ಲ. ಹುಡುಕಿದ್ದು ಮಾತ್ರ ನೆನಪಿದೆ.

ಅಳು ಶುರುವಾದದ್ದು ಮಳೆಗಾಲದ ನಡುವೆ. ಅದಕ್ಕೆ ಹೊತ್ತುಗೊತ್ತು ಇರಲಿಲ್ಲ. ಪುಂಡಿಯಂಥದ್ದಕ್ಕೆ ಅತ್ತರೆ ಅರ್ಥವಾಗುತ್ತದೆ, ಅದು ಅವಳ ಪ್ರಪಂಚದಲ್ಲಿ ನಿಜವಾಗಿಯೂ ಏನೋ ಮುರಿದದ್ದು. ಈ ಅಳು ಬೇರೆ. ನಗುತ್ತ ನಗುತ್ತ ಇದ್ದವಳು ಸಂತೋಷದ ಮಾತಿಗೇ ಕಿರುಚಿಕೊಳ್ಳುತ್ತಿದ್ದಳು. ಮಾಲಕಿಯ ದೊಡ್ಡ ಮಗಳು ಶಾಲೆಯಿಂದ ಬಂದು, "ಬಾ, ಒಂದು ಸಂಗತಿ ತೋರಿಸ್ತೇನೆ" ಎಂದರೆ ಸಾಕು, ಕಚ್ಚುವುದು. ಬಣ್ಣದ ಛತ್ರಿ ಬಿಚ್ಚಿ ತೋರಿಸಿದರೆ ಉಸಿರು ಹಿಡಿದುಕೊಂಡು ತುಟಿ ನೀಲಿಯಾಗುವಷ್ಟು ಅಳುವುದು. ಐದು ನಿಮಿಷ ಬಿಟ್ಟು ಅದೇ ಛತ್ರಿಯ ಅಡಿಯಲ್ಲಿ ಕೂತು ಆಟ.

ಎಲ್ಲರಲ್ಲಿಯೂ ಒಂದೊಂದು ಕಾರಣ ಇತ್ತು. ಡಾಕ್ಟರು ಈ ಪ್ರಾಯದಲ್ಲಿ ಹೀಗೆಯೇ ಎಂದು ಹೇಳಿ ಹುಳದ ಔಷಧಿ ಬರೆದುಕೊಟ್ಟರು. ಕಾಲೇಜಿನ ಲೈಬ್ರರಿಯಲ್ಲಿ ಮಕ್ಕಳ ಬೆಳವಣಿಗೆಯ ಬಗ್ಗೆ ಒಂದು ದಪ್ಪ ಪುಸ್ತಕ ಸಿಕ್ಕಿತು. ಅದರಲ್ಲಿಯೂ ಹೆಚ್ಚುಕಡಿಮೆ ಡಾಕ್ಟರು ಹೇಳಿದ್ದೇ ಇತ್ತು, ಹುಳ ಒಂದು ಬಿಟ್ಟು. ಸಿಟ್ಟು ಬಂದಾಗ ಆ ಪ್ರಾಯದ ಮಗುವಿಗೆ ಅದು ಎಂತ ಎಂದು ಹೇಳಲು ಶಬ್ದಗಳಿಲ್ಲ, ಆದ್ದರಿಂದ ಮೈಯಲ್ಲೇ ಹೇಳುತ್ತದೆ ಎಂದು ಓದಿದ್ದು ಸರಿಯೆನಿಸಿತು. ಆದರೆ ಎಲ್ಲ ಮಕ್ಕಳಿಗೂ ಅನ್ವಯಿಸುವ ಮಾತು ನನ್ನ ಮಗು ಛತ್ರಿಗೆ ಯಾಕೆ ಅತ್ತಿತೆಂದು ಹೇಳುವುದಿಲ್ಲ.

ಅತ್ತೆ ಒಂದು ದಿನ ಬಂಟ್ವಾಳದಿಂದ ಬಂದು, ಮಗುವಿನ ಕೈಗೆ ಕಪ್ಪು ನೂಲು ಕಟ್ಟಿದರು. ಉಪ್ಪು ಮೆಣಸು ಮುಖಕ್ಕೆ ನಿವಾಳಿಸಿ ಒಲೆಗೆ ಹಾಕಿದರು. ಮೆಣಸಿನ ಘಾಟು ಬರಲಿಲ್ಲವಂತೆ.

"ನೋಡಿ, ಘಾಟು ಇಲ್ಲ. ಎಂಥ ದೃಷ್ಟಿ ಬಿದ್ದಿರ್ಬೇಕು!"

"ಗ್ಯಾಸಿನ ಬೆಂಕಿ ಅತ್ತೆ, ಕಿಟಕಿಯೂ ತೆರೆದುಂಟು" ಎಂದೆ.

"ನೀವು ಓದಿದವರು ಮಾರಾಯ್ರೆ. ನಿಮ್ಮ ಹತ್ರ ನಾನು ಮಾತಾಡ್ಲಿಕ್ಕಿಲ್ಲ."

ಗೋಡೆಯಾಚೆಯಿಂದ ಇದನ್ನು ಕೇಳಿದ್ದ ಮಾಲಕಿ, ಅತ್ತೆ ಹೋದ ಮೇಲೆ ಬಂದರು. "ನಿಮ್ಮ ನೂಲು ಸಾಕಾಗ್ಲಿಕ್ಕಿಲ್ಲ ಮಾಷ್ಟ್ರೇ. ನಮ್ಮ ಮಸೀದಿಯ ಉಸ್ತಾದರ ಹತ್ರ ಒಂದು ನೀರು ಊದಿಸಿ ತರುವನಾ?"

"ಎರಡೂ ಒಟ್ಟಿಗೆ ಕೆಲಸ ಮಾಡಿದ್ರೆ ಯಾವುದರಿಂದ ಗುಣವಾಯ್ತು ಅಂತ ಹೇಗೆ ಗೊತ್ತಾಗುದು ಅಕ್ಕ?"

ಅವರು ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕರು. "ಗುಣವಾದ್ರೆ ಸಾಲದಾ ನಿಮಗೆ? ಯಾರು ಮಾಡಿದ್ದು ಅಂತಲೂ ಆಗ್ಬೇಕಾ?"

ನೀರೂ ಬಂತು. ಮಗು ಅದನ್ನು ಖುಷಿಯಾಗಿ ಕುಡಿದು ಇನ್ನೂ ಬೇಕು ಎಂದಿತು. ಅಳು ಹಾಗೆಯೇ ಇತ್ತು.

ದಸರಾ ಹತ್ತಿರ ಬರುತ್ತಿತ್ತು. ಹೆಂಡತಿ ಬುಧವಾರಗಳಂದು ಬೆಳ್ತಂಗಡಿಯ ಎಸ್‌ಟಿಡಿ ಬೂತಿನಿಂದ ಮಾಲಕಿಯ ಮನೆಗೆ ಫೋನು ಮಾಡುತ್ತಿದ್ದಳು. "ಇವತ್ತು ಹೇಗೆ?" ಎನ್ನುವಾಗಲೇ ಅವಳ ದನಿಯಲ್ಲಿ ಉತ್ತರ ಗೊತ್ತಿದ್ದ ಹಾಗಿರುತ್ತಿತ್ತು. ನಾನು ಪರವಾಗಿಲ್ಲ ಎನ್ನುತ್ತಿದ್ದೆ. ಹಿನ್ನೆಲೆಯಲ್ಲಿ ಮಗು ಕಿರುಚುತ್ತಿತ್ತು.

ಒಂದು ಮಧ್ಯಾಹ್ನ ನಾನು ಕಾಲೇಜಿನಿಂದ ಬೇಗ ಬಂದಿದ್ದೆ. ಕಂಪೌಂಡಿನ ಮೇಲೆ ಮಂಗಗಳು ಬಂದು ಕೂತಿದ್ದವು, ಹೊಟ್ಟೆಗೆ ಮರಿ ಅಪ್ಪಿಕೊಂಡ ಒಂದು ತಾಯಿ ಮಂಗವೂ ಇತ್ತು. ಮಗುವಿಗೆ ತೋರಿಸಬೇಕೆಂದು ನನಗೇ ಆಸೆಯಾಯಿತು. "ಬಾ ಬಾ, ಮಂಗ ನೋಡುವ" ಎಂದು ಕೈ ಚಾಚಿದೆ. ಅವಳು ಕಿರುಚಿದಳು. ಆದರೆ ಮಂಗದ ಕಡೆಗೆ ನೋಡಿ ಅಲ್ಲ, ಅದನ್ನವಳು ನೋಡಿಯೇ ಇರಲಿಲ್ಲ. ನನ್ನ ಕಾಲು ನೋಡುತ್ತಿದ್ದಳು. ನಾನಿನ್ನೂ ಚಪ್ಪಲಿ ಬಿಚ್ಚಿರಲಿಲ್ಲ. ಆಮೇಲೆ ಎದುರು ಬಾಗಿಲಿನ ಕಡೆಗೆ ಓಡಿಹೋಗಿ ಅದಕ್ಕೆ ಬೆನ್ನು ಕೊಟ್ಟು ಎರಡು ಕೈಯನ್ನೂ ಅಗಲಿಸಿ ನಿಂತಳು.

ಅಲ್ಲಿ ನನಗೆ ಅರ್ಥವಾಯಿತು ಎಂದು ಬರೆಯಬಹುದು. ಹಾಗೆ ಬರೆದರೆ ಚೆನ್ನಾಗಿರುತ್ತದೆ ಕೂಡ, ಆದರೆ ಆ ಕ್ಷಣಕ್ಕೆ ಅರ್ಥವಾಯಿತೆಂದು ನನಗೆ ನಂಬಿಕೆಯಿಲ್ಲ. ಬಹುಶಃ ಮೊದಲು ಬೇಸರವಾಗಿರಬೇಕು, ಮಂಗ ಹೊರಟುಹೋಗುತ್ತದೆಂದು ಅವಸರವಾಗಿರಬೇಕು. ಆಮೇಲೆ ಯಾವಾಗಲೋ, ಅನ್ನಕ್ಕಿಟ್ಟು ಕಾಯುತ್ತಿದ್ದಾಗ, ಪ್ರಯೋಗಶಾಲೆಯಲ್ಲಿ ಹುಡುಗರಿಗೆ ಹೇಳುವ ಮಾತನ್ನೇ ನನಗೆ ಹೇಳಿಕೊಂಡೆ: ಬಣ್ಣ ಬದಲಾಗುವ ಮೊದಲು ಏನು ಸೇರಿಸಿದಿರಿ ನೋಡಿ. ಛತ್ರಿಗೆ ಮೊದಲು, ಮಂಗಕ್ಕೆ ಮೊದಲು, ಎಲ್ಲದಕ್ಕೂ ಮೊದಲು ಯಾರೋ ಒಬ್ಬರು ಸಂತೋಷದ ದನಿಯಲ್ಲಿ "ಬಾ, ನೋಡುವ" ಎಂದಿದ್ದರು. ಚಂದದ್ದು ಏನನ್ನಾದರೂ ತೋರಿಸುತ್ತಾರೆಂದರೆ ಹಿಂದಿನಿಂದ ಯಾರೋ ಹೋಗುತ್ತಿದ್ದಾರೆ ಎಂದು ಮಗು ಕಲಿತಿತ್ತು. ಅದನ್ನು ನಾವೆಲ್ಲ ಸೇರಿ ವಾರವಾರವೂ ಕಲಿಸಿದ್ದೆವು.

ಆ ಶನಿವಾರ ಹೆಂಡತಿಗೆ ಹೇಳಿದೆ.

"ಹಾಗಾದ್ರೆ ಎಂತ ಮಾಡುದು? ಅವಳ ಎದುರಿಂದ್ಲೇ ಹೋಗುದಾ?"

"ಹೇಳಿ ಹೋಗು. ಹೋಗ್ತೇನೆ, ಶನಿವಾರ ಬರ್ತೇನೆ ಅಂತ."

"ಅವಳಿಗೆ ಶನಿವಾರ ಅಂದ್ರೆ ಗೊತ್ತುಂಟಾ?"

"ಗೊತ್ತಿಲ್ಲ. ಹೋಗುದು ಅಂದ್ರೆ ಗೊತ್ತುಂಟು."

ಅವಳು ಬಟ್ಟೆ ಮಡಚುವುದನ್ನು ನಿಲ್ಲಿಸಿದಳು. "ನಿಮಗೆ ಸುಲಭ. ನೀವು ಹೋಗುವವರಲ್ಲ."

ಮಾಲಕಿಗೆ ಇದು ಕ್ರೂರವೆನಿಸಿತು. "ಯಾರಾದ್ರೂ ಮಕ್ಕಳಿಗೆ ಹೇಳಿ ಹೋಗ್ತಾರಾ ಮಾಷ್ಟ್ರೇ? ನಮ್ಮವರು ವರ್ಷಕ್ಕೊಮ್ಮೆ ಬಂದು ಹೋಗುವಾಗ ಮಕ್ಕಳನ್ನು ನನ್ನ ತಮ್ಮ ಪೇಟೆಗೆ ಕರ್ಕೊಂಡು ಹೋಗುದು. ಬರುವಾಗ ಅಪ್ಪ ಇಲ್ಲ. ಎರಡು ದಿನ ಬೇಜಾರು, ಮತ್ತೆ ಸರಿ. ನನ್ನ ಮಕ್ಕಳಿಗೆ ಎಂತ ಆಗಿದೆ?"

ಅವರ ಮಕ್ಕಳಿಗೆ ಏನೂ ಆಗಿರಲಿಲ್ಲ, ಕಣ್ಣಿಗೆ ಕಾಣುವಂತೆ. ಒಂದೇ ಮಗುವನ್ನು ನೋಡಿ ಏನನ್ನಾದರೂ ಸಾಧಿಸಿ ತೋರಿಸಿದೆನೆಂದು ಹೇಳಲು ನನಗೆ ಯಾವ ಹಕ್ಕಿದೆ? ಆದರೂ ಮರುದಿನ ಮೂವರೂ ಒಟ್ಟಿಗೆ ಬಸ್‌ಸ್ಟ್ಯಾಂಡಿಗೆ ನಡೆದೆವು. ಹೆಂಡತಿ ಮಗುವಿನ ಎದುರು ಕೂತು, ಅಮ್ಮ ಹೋಗ್ತೇನೆ ಮಗಾ, ಶನಿವಾರ ಬರ್ತೇನೆ ಎಂದು ಹೇಳಿದಳು. ಅದು ಮಗುವಿಗೆ ತಲುಪುವವರೆಗೆ ಕಾಯಲೂ ಇಲ್ಲ, ಬಸ್ಸು ಹತ್ತಿದಳು. ಮಗು ಅತ್ತ ಹಾಗೆ ಮಗುವೊಂದು ಅಳುವುದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ನನ್ನ ಹೆಗಲು ಕಚ್ಚಿದಳು, ಕನ್ನಡಕ ಕಿತ್ತೆಸೆದಳು. ಬಸ್ಸಿನ ಕಿಟಕಿಗಳಿಂದ ಮುಖಗಳು ಹೊರಬಂದವು.

"ಹಾ, ಎಂತ ಮನುಷ್ಯ ಇವ! ಮಗುವನ್ನು ಅಂಗಡಿಗೆ ಕರ್ಕೊಂಡು ಹೋಗ್ಲಿಕ್ಕಾಗುದಿಲ್ವಾ?" ಎಂದಿತು ಒಂದು ಹೆಂಗಸಿನ ದನಿ.

"ಒಂದು ಚಾಕ್ಲೇಟು ತೆಗೆದು ಕೊಡಿ ಮಾರಾಯ್ರೆ!" ಎಂದ ಕಂಡಕ್ಟರು.

ಹೆಂಡತಿ ಮುಂದಿನ ಸೀಟಿನಲ್ಲಿ ಬೆನ್ನು ತಿರುಗಿಸಿ ಕೂತಿದ್ದಳು. ಬಸ್ಸು ಹೊರಟ ಮೇಲೆಯೂ ತಿರುಗಲಿಲ್ಲ. ಆ ವಾರ ಬುಧವಾರ ಫೋನು ಬರಲಿಲ್ಲ. ಮಾಲಕಿಯೂ ಮಗುವನ್ನು ನನ್ನ ಕೈಗೆ ಕೊಡುವಾಗ ಮುಖ ನೋಡಿ ಮಾತಾಡಲಿಲ್ಲ. ನಾನು ಮಾಡಿದ್ದು ಸರಿಯೆಂದು ನನ್ನೊಬ್ಬನಿಗೇ ಗೊತ್ತಿತ್ತು. ಒಬ್ಬನಿಗೇ ಗೊತ್ತಿರುವುದನ್ನು ಗೊತ್ತಿದೆ ಎನ್ನಬಹುದೇ ಎಂಬ ಸಂಶಯವೂ ಆ ವಾರವೆಲ್ಲ ಜೊತೆಗಿತ್ತು.

ಆಮೇಲಿನ ವಾರಗಳಲ್ಲಿ ಏನಾಯಿತೆಂದರೆ, ಅಳು ನಿಲ್ಲಲಿಲ್ಲ. ಆದರೆ ಅದಕ್ಕೊಂದು ಜಾಗ ಸಿಕ್ಕಿತು. ಭಾನುವಾರ ಬಸ್‌ಸ್ಟ್ಯಾಂಡಿನಲ್ಲಿ ಅಳುವುದು, ಮನೆಗೆ ಬರುವವರೆಗೆ ಅಳುವುದು, ಆಮೇಲೆ ನೀರು ಕುಡಿಯುವುದು. ಅಮ್ಮನನ್ನು ಮಂಚದ ಅಡಿಯಲ್ಲಿ ಹುಡುಕುವುದು ನಿಂತುಹೋಯಿತು. ವಾರದ ನಡುವೆ ಸಿಡಿಯುವುದು ಕಡಿಮೆಯಾಯಿತು. ಛತ್ರಿ ತೋರಿಸಿದರೆ ಛತ್ರಿಯನ್ನೇ ನೋಡುತ್ತಿದ್ದಳು. ನಾನೂ ಕೆಲವನ್ನು ಕಲಿತೆ. ಅವಳು ನೆಲಕ್ಕೆ ಬಿದ್ದಾಗ ವಿವರಿಸಬಾರದು, ಬಿಸ್ಕೆಟ್ ತೋರಿಸಬಾರದು, ಅಲ್ಲಿಂದ ಎದ್ದೂ ಹೋಗಬಾರದು. ಹತ್ತಿರ ಕೂತಿರಬೇಕು. ಒಮ್ಮೊಮ್ಮೆ, "ಸಿಟ್ಟು ಬಂದಿದೆ ಅಲ್ವಾ" ಎಂದಷ್ಟೇ ಹೇಳಬೇಕು. ಆಮೇಲೊಂದು ದಿನ ಅವಳೇ ಬಂದು ಸೊಂಟದ ಮೇಲೆ ಕೈಯಿಟ್ಟು, "ಪಪ್ಪ, ನಂಗೆ ಸಿಟ್ಟು" ಎಂದಳು. ಯಾಕೆಂದು ಕೇಳಿದೆ. ಯೋಚಿಸಿದಳು, ಯೋಚಿಸುತ್ತ ಯೋಚಿಸುತ್ತ ಮರೆತುಬಿಟ್ಟಳು.

ಇದು ಹೇಳಿ ಹೋದದ್ದರ ಫಲವೋ, ಅವಳಿಗೆ ಒಂದೆರಡು ತಿಂಗಳು ಹೆಚ್ಚು ವಯಸ್ಸಾದದ್ದರ ಫಲವೋ? ನೂಲು ಇನ್ನೂ ಕೈಯಲ್ಲೇ ಇತ್ತು, ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಲ್ಲವೇ ಎಂದು ಮಾಲಕಿ ಕೇಳಿದರೆ ತಳ್ಳಿಹಾಕಲು ನನ್ನಲ್ಲಿ ಏನಿತ್ತು? ಏನೇ ಇರಲಿ, ಆ ಸಂಜೆಗಳಲ್ಲಿ ನಾವಿಬ್ಬರೂ ಜಗಲಿಯಲ್ಲಿ ಕೂತು ರಸ್ತೆ ನೋಡುತ್ತಿದ್ದೆವು. ದೊಡ್ಡವರ ಮಾತಿಲ್ಲದ ಮನೆಯಲ್ಲಿ ಮಾತಿಲ್ಲದೆಯೂ ಇರಬಹುದು ಎಂದು ಮೊದಲ ಬಾರಿಗೆ ಅನಿಸಿತ್ತು. ನನ್ನ ಒಂಟಿತನ ಕಡಿಮೆಯಾದದ್ದು ಆ ಕೆಲವು ವಾರಗಳಲ್ಲಿ ಮಾತ್ರ.

ದಸರಾ ರಜೆಗೆ ನರಿಕೊಂಬಿಗೆ ಹೋದೆವು. ನಾನು ಗೆದ್ದವನ ಹಾಗೆ ಹೋಗಿದ್ದೆ. ಮಗು ಅಲ್ಲಿ ಎಲ್ಲರ ಮಡಿಲಲ್ಲೂ ಕೂತಿತು, ಕೊಟ್ಟದ್ದನ್ನು ತಿಂದಿತು, ಹೊಳೆ ತೋರಿಸಿದರೆ ಹೊಳೆ ನೋಡಿತು. ರಜೆ ಮುಗಿಯುವ ಹೊತ್ತಿಗೆ ಅತ್ತೆ ಚಾವಡಿಯಲ್ಲಿ ಅಡಿಕೆ ಕತ್ತರಿಸುತ್ತ ಹೇಳಿದರು.

"ಈಗ ಎಷ್ಟು ಚಂದ ಆಗಿದ್ದಾಳೆ ನೋಡಿ. ಇನ್ನು ಇಲ್ಲಿ ಬಿಟ್ಟು ಹೋಗ್ಲಿಕ್ಕೆ ಎಂತ ತೊಂದ್ರೆ?"

ನಾನು ತಮಾಷೆ ಎಂದುಕೊಂಡೆ. "ನನ್ನ ಹತ್ರ ಇದ್ದು ಚಂದ ಆದದ್ದಲ್ವಾ ಅತ್ತೆ? ಹಾಗಿದ್ರೆ ಬಿಡುದು ಎಂತಕ್ಕೆ?"

"ಚಂದ ಆದದ್ದಕ್ಕೇ ಬಿಡ್ಲಿಕ್ಕಾಗುದು. ಕೂಗುವ ಬಾಲೆಯನ್ನು ಯಾರು ಬಿಟ್ಟು ಹೋಗ್ತಾರೆ?"

ಹೆಂಡತಿಯ ಕಡೆ ನೋಡಿದೆ. ಅವಳು ಮೊದಲೇ ಯೋಚಿಸಿಟ್ಟಿದ್ದಳು. "ಬೆಳ್ತಂಗಡಿಯಿಂದ ಇಲ್ಲಿ ಬಿ.ಸಿ. ರೋಡಿಗೆ ಬೇಕಾದಷ್ಟು ಬಸ್ಸುಂಟು. ಬುಧವಾರ ಸಂಜೆ ಬಂದು ಗುರುವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಹೋಗ್ಬಹುದು. ಮೂಡುಬಿದ್ರೆಗೆ ಹಾಗೆ ಬರ್ಲಿಕ್ಕಾಗ್ತದಾ? ಇಲ್ಲಿದ್ರೆ ಅವಳಿಗೆ ವಾರಕ್ಕೆ ಎರಡು ಸಲ ಅಮ್ಮ ಸಿಗ್ತಾಳೆ. ನೀವೇ ಹೇಳಿ, ಇದರಲ್ಲಿ ತಪ್ಪೆಂತ ಉಂಟು?"

ತಪ್ಪು ಹುಡುಕುವುದು ನನ್ನ ಕಸುಬು. ಹುಡುಕಿದೆ. ಮಗುವಿಗೆ ತಾಯಿ ಹೆಚ್ಚು ಸಿಗುತ್ತಾಳೆ, ಅಜ್ಜಿ ದಿನವಿಡೀ ಇರುತ್ತಾರೆ, ನಾನು ಶನಿವಾರ ಸಿದ್ದಕಟ್ಟೆಯ ದಾರಿಯಾಗಿ ಬರಬಹುದು. ಎಲ್ಲಿಯೂ ತಪ್ಪಿರಲಿಲ್ಲ. ಉಳಿದದ್ದು ಒಂದೇ ಮಾತು. "ನಾನು ಒಬ್ಬನೇ ಆಗ್ತೇನಲ್ಲ" ಎಂದು ನಾನು ಹೇಳಿದೆನೆಂದು ನನ್ನ ನೆನಪು. ಅಂಥ ಮಾತನ್ನು ನಾನು ಆಡಲೇ ಇಲ್ಲವೆಂದು ಹೆಂಡತಿಯದು. "ಆಡಿದ್ರೆ ನಾನು ಬಿಡ್ತಿದ್ನಾ?" ಎಂದು ಈಗ ಕೇಳುತ್ತಾಳೆ. ಎಷ್ಟೋ ಸಲ ಮನಸ್ಸಿನೊಳಗೆ ಹೇಳಿಕೊಂಡು ಹೇಳಿಕೊಂಡು ಅದು ಆಡಿದ ಮಾತಾಗಿ ಉಳಿದಿರಲೂಬಹುದು.

ನಾನು ಹೊರಡುವ ದಿನ ಅತ್ತೆ, ಮಗುವನ್ನು ಹೊಳೆಬದಿಗೆ ಕರೆದುಕೊಂಡು ಹೋಗುತ್ತೇನೆ, ನೀವು ಮೆಲ್ಲ ಹೊರಡಿ ಎಂದರು. ಬೇಡ ಎಂದೆ. ಅವಳು ಅಂಗಳದಲ್ಲಿ ಕೂತು ತೆಂಗಿನ ಗೆರಟೆಯಲ್ಲಿ ಮರಳು ತುಂಬಿಸುತ್ತಿದ್ದಳು. ಎದುರು ಕುಕ್ಕರುಗಾಲಲ್ಲಿ ಕೂತೆ.

"ಪಪ್ಪ ಹೋಗ್ತೇನೆ ಮಗಾ. ಮೂಡುಬಿದ್ರೆಗೆ. ನೀನು ಇಲ್ಲಿ ಅಜ್ಜಿ ಹತ್ರ ಇರುದು. ಶನಿವಾರ ಬರ್ತೇನೆ."

ಅವಳು ಗೆರಟೆ ಕೆಳಗಿಟ್ಟಳು. "ಬಸ್ಸಲ್ಲಾ?"

"ಹ್ಞಾಂ, ಬಸ್ಸಲ್ಲಿ."

"ಕಿಟಕಿ ಹತ್ರ ಕೂತ್ಕೊ" ಎಂದಳು. ಮತ್ತೆ ಗೆರಟೆ ಎತ್ತಿಕೊಂಡಳು.

ಅವಳು ಅಲ್ಲಿಯೇ ಉಳಿದಳು. ಒಂದನೇ ಕ್ಲಾಸಿಗೂ ಅಲ್ಲಿಯೇ ಸೇರಿದಳು. ಎರಡು ಸಾವಿರ ದಾಟಿದ ಮೇಲೆ ಹೆಂಡತಿಗೆ ಬಂಟ್ವಾಳ ತಾಲೂಕಿಗೆ ವರ್ಗವಾಗಿ ಅವರೆಲ್ಲ ಒಟ್ಟಿಗಾದರು. ನಾನು ಶನಿವಾರದ ಅಪ್ಪನಾಗಿಯೇ ಇದ್ದೆ. ಮೂಡುಬಿದಿರೆಯ ಮನೆ, ಪುಂಡಿ, ಮಂಗ ಯಾವುದೂ ಮಗಳಿಗೆ ನೆನಪಿಲ್ಲ. "ನಾನು ಮೊದಲಿಂದ್ಲೂ ಅಜ್ಜಿ ಮನೆಯಲ್ಲೇ ಅಲ್ವಾ ಇದ್ದದ್ದು?" ಎಂದು ಒಮ್ಮೆ ಕೇಳಿದಳು. ಅಲ್ಲವೆಂದು ಹೇಳಲು ಹೊರಟಾಗ, ನಾವಿಬ್ಬರೇ ಇದ್ದ ಆ ಸಂಜೆಗಳಿಗೆ ಸಾಕ್ಷಿ ನಾನೊಬ್ಬನೇ ಎಂದು ಹೊಳೆಯಿತು.

ನಾನು ಹೊರಟ ಆ ದಿನ ಅವಳು ಆಮೇಲೆ ಬಹಳ ಅತ್ತಳೆಂದು ಅತ್ತೆ ಹೇಳಿದ್ದಾರೆ. ನನ್ನ ಸಮಾಧಾನಕ್ಕೆ ಹೇಳಿದ್ದಿರಬೇಕು. ಅವಳು ಅಳಲಿಲ್ಲವೆಂದು ನನಗೆ ಗೊತ್ತು. ದಣಪೆಯ ಅಡ್ಡಗೋಲು ದಾಟಿ, ಬೇಲಿಯಾಚೆ ಯಾರಿಗೂ ಕಾಣದ ಹಾಗೆ ನಾನು ನಿಂತಿದ್ದೆ. ಅಳು ಕೇಳಿಸಿದರೆ ಒಳಗೆ ಹೋಗಿ ಎತ್ತಿಕೊಂಡು ಬರುವುದು, ಯಾರು ಏನು ಹೇಳಿದರೂ ಬಿಡುವುದಿಲ್ಲ ಎಂದುಕೊಂಡಿದ್ದೆ. ಒಳಗಿನಿಂದ ಅತ್ತೆ ಏನೋ ಕೇಳಿದರು, ಮಗು ಏನೋ ಹೇಳಿತು, ಇಬ್ಬರೂ ನಕ್ಕರು. ಇನ್ನೂ ಸ್ವಲ್ಪ ಹೊತ್ತು ಕಾದೆ. ಮೇಲಿನ ರಸ್ತೆಯಲ್ಲಿ ಬಸ್ಸಿನ ಹಾರ್ನು ಕೇಳಿಸಿತು. ಓಡಬೇಕಾಯಿತು.